ಗಣಕಜಾಲ: ಕಟ್ಟುವ ಬಗೆ, ಅಳೆಯುವ ಬಗೆ, ದೋಷ ಹುಡುಕುವ ಬಗೆ

ಮಾನವನ ನಾಗರಿಕತೆಯ ಇತಿಹಾಸವೆಂದರೆ ಒಂದು ದೃಷ್ಟಿಯಲ್ಲಿ ಸುದ್ದಿಯನ್ನು ಸಾಗಿಸುವ ಉಪಾಯಗಳ ಇತಿಹಾಸವೇ ಸರಿ. ಓಲೆಕಾರ, ಅಂಚೆ, ತಂತಿ, ದೂರವಾಣಿ ಎಂಬ ಸಾಲಿನಲ್ಲಿ ತಡವಾಗಿ ಬಂದು, ಹಿಂದಿನವುಗಳ ಕೆಲಸವನ್ನೆಲ್ಲ ತನ್ನದಾಗಿಸಿಕೊಂಡದ್ದು ಗಣಕಜಾಲ. ಇಂದು ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಶುಲ್ಕ, ಹೊಲದ ಪಹಣಿ, ಪಡಿತರದ ಅಕ್ಕಿ ಇವೆಲ್ಲವೂ ಈ ಜಾಲವನ್ನೇ ನೆಚ್ಚಿಕೊಂಡಿವೆ. ಜಾಲವು ಸರಿಯಾಗಿ ನಡೆಯುವಾಗ ಅದೊಂದು ಇದೆಯೆಂಬುದೇ ನಮ್ಮ ಗಮನಕ್ಕೆ ಬಾರದು. ನಿಂತಾಗ ಮಾತ್ರ ಕಚೇರಿಯ ಕಿಟಕಿಯೊಳಗಿನಿಂದ ಎರಡೇ ಮಾತಿನ ಉತ್ತರ ಬರುತ್ತದೆ: “ಸರ್ವರ್ ಡೌನ್.” ಈ ಉತ್ತರವನ್ನು ಕೇಳಿದವರು ಮರುಮಾತಾಡದೆ ಹಿಂದಿರುಗುವುದು ವಾಡಿಕೆಯಾಗಿಬಿಟ್ಟಿದೆ. ಮಳೆ ಬಾರದಿದ್ದರೆ ಯಾರನ್ನು ಕೇಳುವುದು, ಇದೂ ಹಾಗೆಯೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಆದರೆ ಗಣಕಜಾಲವು ಮಳೆಯಂತಲ್ಲ. ಅದು ಮನುಷ್ಯರು ಲೆಕ್ಕಹಾಕಿ ಕಟ್ಟಿದ ವಸ್ತು. ಅದರಲ್ಲಿ ದೋಷವುಂಟಾದರೆ ಆ ದೋಷಕ್ಕೆ ಒಂದು ಸ್ಥಳವುಂಟು, ಒಂದು ಕಾರಣವುಂಟು, ಅದನ್ನು ಕಂಡುಹಿಡಿಯಲು ಒಂದು ಕ್ರಮವೂ ಉಂಟು. ಈ ಮಾತನ್ನು ಕಲಾ ತರಗತಿಗಳ ಗೆಳೆಯರಿಗೆ ತಿಳಿಯುವಂತೆ, ಪರಿಭಾಷೆಯನ್ನು ಆದಷ್ಟು ಮಿತಗೊಳಿಸಿ, ವಿವರಿಸುವುದೇ ಈ ಲೇಖನದ ಉದ್ದೇಶ.

೧. ಮೂಲತತ್ತ್ವ

ಹಳೆಯ ದೂರವಾಣಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಅವರಿಬ್ಬರ ನಡುವಿನ ದಾರಿ ಅವರಿಗೇ ಮೀಸಲು. ಅವರು ಸುಮ್ಮನಿದ್ದರೂ ಆ ದಾರಿಯನ್ನು ಮತ್ತೊಬ್ಬರು ಬಳಸುವಂತಿಲ್ಲ. ಕಂಪ್ಯೂಟರುಗಳ ಸಂಭಾಷಣೆಯಾದರೋ ಒಂದು ಕ್ಷಣ ರಭಸ, ಬಹಳ ಹೊತ್ತು ಮೌನ ಎಂಬ ರೀತಿಯದು. ಇಂಥ ಸಂಭಾಷಣೆಗೆ ದಾರಿಯನ್ನು ಮೀಸಲಿಡುವುದು ದುಂದುಗಾರಿಕೆ. ಆದುದರಿಂದ ಸಂದೇಶವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದು, ಪ್ರತಿಯೊಂದು ತುಂಡಿನ ಮೇಲೂ ವಿಳಾಸ ಬರೆದು, ಎಲ್ಲರ ತುಂಡುಗಳೂ ಒಂದೇ ದಾರಿಯಲ್ಲಿ ಒಂದರ ಹಿಂದೊಂದು ಹೋಗುವಂತೆ ಮಾಡಬೇಕೆಂಬ ಆಲೋಚನೆ ಹುಟ್ಟಿತು. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಪಾಲ್ ಬ್ಯಾರನ್ ಇದನ್ನು ೧೯೬೪ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡೊನಾಲ್ಡ್ ಡೇವೀಸ್ ೧೯೬೫ರಲ್ಲಿ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದರು. ಈ ತುಂಡಿಗೆ ‘ಪ್ಯಾಕೆಟ್’ ಎಂಬ ಹೆಸರಿಟ್ಟವರು ಡೇವೀಸರೇ.

೧೯೬೯ರ ಅಕ್ಟೋಬರ್ ೨೯ರಂದು ಕ್ಯಾಲಿಫೋರ್ನಿಯದಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಆರ್ಪಾನೆಟ್ ಎಂಬ ಜಾಲದ ಮೊದಲ ಸಂದೇಶ ಹೋಯಿತು. ‘ಲಾಗಿನ್’ ಎಂಬ ಪದದ ಎರಡಕ್ಷರ ಮುಟ್ಟುವಷ್ಟರಲ್ಲಿ ಯಂತ್ರ ಕೆಟ್ಟು ನಿಂತಿತು. ಸುಮಾರು ಒಂದು ಗಂಟೆಯ ಮೇಲೆ ಪೂರ್ತಿಯಾಗಿ ತಲುಪಿತು. ಜಾಲವೂ ಜಾಲದ ದೋಷವೂ ಒಂದೇ ದಿನ ಹುಟ್ಟಿದುವೆಂದು ಹೇಳಿದರೆ ತಪ್ಪಾಗಲಾರದು. ಬೇರೆ ಬೇರೆ ಬಗೆಯ ಜಾಲಗಳನ್ನು ಒಂದುಗೂಡಿಸುವ ನಿಯಮಗಳನ್ನು ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ೧೯೭೪ರಲ್ಲಿ ಪ್ರಕಟಿಸಿದರು. ೧೯೮೩ರ ಜನವರಿ ೧ರಿಂದ ಆರ್ಪಾನೆಟ್ ಅವುಗಳನ್ನೇ ಅನುಸರಿಸಿತು. ನಮ್ಮ ದೇಶದಲ್ಲಿ ಎರ್ನೆಟ್ ಎಂಬ ಶೈಕ್ಷಣಿಕ ಜಾಲದ ಯೋಜನೆ ೧೯೮೬ರಲ್ಲಿ ಆರಂಭವಾದಾಗ ಅದರಲ್ಲಿ ಸೇರಿದ್ದ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು.

೨. ರಚನೆ

ಗಣಕಜಾಲವನ್ನು ಕಟ್ಟುವವರ ಮುಖ್ಯ ಉಪಾಯವೆಂದರೆ ಕೆಲಸವನ್ನು ಪದರಗಳಾಗಿ ಹಂಚುವುದು. ಇದಕ್ಕೆ ಅಂಚೆಯೇ ಒಳ್ಳೆಯ ಉದಾಹರಣೆ. ಕಾಗದ ಬರೆಯುವವರಿಗೆ ಅದು ಯಾವ ರೈಲಿನಲ್ಲಿ ಹೋಗುತ್ತದೆಂಬ ಚಿಂತೆಯಿಲ್ಲ. ಅಂಚೆಯ ವಿಂಗಡಣೆಯವರು ವಿಳಾಸವನ್ನು ಮಾತ್ರ ನೋಡುತ್ತಾರೆ, ಒಳಗಿನ ವಿಷಯವನ್ನಲ್ಲ. ರೈಲು ನಡೆಸುವವರು ಚೀಲವನ್ನು ಒಯ್ಯುತ್ತಾರೆಯೇ ಹೊರತು ವಿಳಾಸವನ್ನೂ ನೋಡುವುದಿಲ್ಲ. ಗಣಕಜಾಲದಲ್ಲಿಯೂ ಹೀಗೆಯೇ ನಾಲ್ಕು ಪದರಗಳನ್ನು ಎಣಿಸುವುದು ರೂಢಿ.

ಮೊದಲನೆಯದು ಸಂಪರ್ಕದ ಪದರ. ಕೇಬಲ್, ವೈಫೈ, ಅವುಗಳನ್ನು ಒಂದೆಡೆ ಕೂಡಿಸುವ ಸ್ವಿಚ್ಚು ಇವು ಇದಕ್ಕೆ ಸೇರಿದವು. ಒಂದೇ ಕೋಣೆಯ ಅಥವಾ ಒಂದೇ ಕಟ್ಟಡದ ಯಂತ್ರಗಳ ನಡುವೆ ತುಂಡುಗಳನ್ನು ಮುಟ್ಟಿಸುವುದು ಇದರ ಕೆಲಸ.

ಎರಡನೆಯದು ವಿಳಾಸದ ಪದರ. ಇಲ್ಲಿ ಪ್ರತಿಯೊಂದು ಯಂತ್ರಕ್ಕೂ ‘ಐ.ಪಿ.’ ಎಂಬ ಅಂಕಿಯ ವಿಳಾಸವಿರುತ್ತದೆ. ಒಂದು ಜಾಲದಿಂದ ಮತ್ತೊಂದು ಜಾಲಕ್ಕೆ ಪ್ಯಾಕೆಟ್ಟನ್ನು ದಾಟಿಸುವ ಯಂತ್ರವೇ ರೌಟರ್. ವಿಳಾಸವನ್ನು ನೋಡಿ ಮುಂದಿನ ದಾರಿಯನ್ನು ತೋರಿಸುವುದಷ್ಟೇ ಇದರ ಹೊಣೆ. ಪ್ಯಾಕೆಟ್ಟು ಖಂಡಿತವಾಗಿ ಮುಟ್ಟೀತೆಂಬ ಭರವಸೆಯನ್ನು ಇದು ಕೊಡುವುದಿಲ್ಲ.

ಆ ಭರವಸೆ ಮೂರನೆಯದಾದ ಸಾಗಣೆಯ ಪದರದ್ದು. ‘ಟಿ.ಸಿ.ಪಿ.’ ಎಂಬ ನಿಯಮವು ತುಂಡುಗಳಿಗೆ ಕ್ರಮಸಂಖ್ಯೆ ಹಾಕುತ್ತದೆ, ಮುಟ್ಟಿದ್ದಕ್ಕೆ ರಸೀದಿ ಪಡೆಯುತ್ತದೆ, ರಸೀದಿ ಬಾರದಿದ್ದರೆ ಮತ್ತೆ ಕಳುಹಿಸುತ್ತದೆ. ನಾಲ್ಕನೆಯದು ಬಳಕೆಯ ಪದರ. ನಾವು ಕಣ್ಣಾರೆ ಕಾಣುವ ಜಾಲತಾಣ, ಅರ್ಜಿಯ ಪುಟ, ಇ-ಮೇಲ್ ಎಲ್ಲವೂ ಇಲ್ಲಿಯವು. ಹೆಸರನ್ನು ಕೊಟ್ಟರೆ ಅಂಕಿಯ ವಿಳಾಸವನ್ನು ಹುಡುಕಿಕೊಡುವ ‘ಡಿ.ಎನ್.ಎಸ್.’ ಎಂಬ ವ್ಯವಸ್ಥೆಯೂ ಇಲ್ಲಿಯೇ ಸೇರುತ್ತದೆ. ಇದನ್ನು ೧೯೮೩ರಲ್ಲಿ ಪಾಲ್ ಮಾಕಪೆಟ್ರಿಸ್ ರೂಪಿಸಿದರು.

ಈ ವಿಭಜನೆಯಿಂದ ಎರಡು ಲಾಭಗಳುಂಟು. ಒಂದು ಪದರವನ್ನು ಬದಲಾಯಿಸಿದರೂ ಉಳಿದವು ಕೆಡುವುದಿಲ್ಲ. ತಾಮ್ರದ ತಂತಿಗೆ ಬದಲು ಗಾಜಿನ ಎಳೆ ಬಂದರೂ ಜಾಲತಾಣವನ್ನು ಮತ್ತೆ ಬರೆಯಬೇಕಾಗಿಲ್ಲ. ಎರಡನೆಯದು ನಮಗೆ ಇನ್ನೂ ಮುಖ್ಯ: ದೋಷವನ್ನು ಹುಡುಕುವಾಗ ಯಾವ ಪದರದಲ್ಲಿದೆಯೆಂದು ಕೇಳಿ, ಹುಡುಕಬೇಕಾದ ಕ್ಷೇತ್ರವನ್ನು ಕುಗ್ಗಿಸಬಹುದು.

ಈಗ ಒಂದು ಲೆಕ್ಕವನ್ನು ಮಾಡೋಣ. ಎರಡು ಕಟ್ಟಡಗಳಿರುವ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳಿ. ಮೊದಲ ಕಟ್ಟಡದ ಗಣಕಶಾಲೆಯಲ್ಲಿ ೪೦ ಕಂಪ್ಯೂಟರುಗಳು, ಕಚೇರಿಯಲ್ಲಿ ೬; ಅಲ್ಲಿಂದ ೨೫೦ ಮೀಟರ್ ದೂರದ ಎರಡನೆಯ ಕಟ್ಟಡದಲ್ಲಿ ಗ್ರಂಥಾಲಯ, ಅಲ್ಲಿ ೧೦. ಸಾಮಾನ್ಯವಾದ ತಾಮ್ರದ ಈಥರ್ನೆಟ್ ಕೇಬಲನ್ನು ೧೦೦ ಮೀಟರಿಗಿಂತ ಉದ್ದವಾಗಿ ಎಳೆಯಬಾರದೆಂಬ ನಿಯಮವಿದೆ. ಆದುದರಿಂದ ಪ್ರತಿಯೊಂದು ಕಟ್ಟಡದಲ್ಲಿಯೂ ಒಂದು ಸ್ವಿಚ್ಚನ್ನಿಟ್ಟು, ಕಟ್ಟಡಗಳ ನಡುವೆ ಗಾಜಿನ ಎಳೆಯ ಕೇಬಲನ್ನು ಹಾಕಬೇಕು. ಅನಂತರ ವಿಳಾಸಗಳ ಹಂಚಿಕೆ. ಗಣಕಶಾಲೆಗೆ ೧೯೨.೧೬೮.೧೦ರಿಂದ ಆರಂಭವಾಗುವ ವಿಳಾಸಗಳನ್ನೂ, ಗ್ರಂಥಾಲಯಕ್ಕೆ ೧೯೨.೧೬೮.೨೦ರವನ್ನೂ, ಕಚೇರಿಗೆ ೧೯೨.೧೬೮.೩೦ರವನ್ನೂ ಕೊಡಬಹುದು. ಕೊನೆಯ ಅಂಕಿ ೦ಯಿಂದ ೨೫೫ರವರೆಗೆ ಇರಬಹುದಾದುದರಿಂದ ಒಟ್ಟು ೨೫೬ ವಿಳಾಸಗಳು. ಅವುಗಳಲ್ಲಿ ಮೊದಲನೆಯದು ಜಾಲದ ಹೆಸರಿಗೂ ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೂ ಮೀಸಲಾಗಿ, ಯಂತ್ರಗಳಿಗೆ ೨೫೪ ಉಳಿಯುತ್ತವೆ. ಮುಂದಿನ ಬೆಳವಣಿಗೆಗೆ ಇದು ಧಾರಾಳ. ಈ ಮೂರು ವಿಭಾಗಗಳನ್ನು ರೌಟರ್ ಕೂಡಿಸುತ್ತದೆ. ಹೀಗೆ ಬೇರ್ಪಡಿಸಿದ ಮೇಲೆ ಒಂದರಿಂದ ಇನ್ನೊಂದಕ್ಕೆ ಏನು ಹೋಗಬಹುದು, ಏನು ಹೋಗಬಾರದು ಎಂದು ರೌಟರಿನಲ್ಲಿ ನಿಯಮ ಹಾಕಬಹುದು. ಗಣಕಶಾಲೆಯ ಯಂತ್ರಕ್ಕೆ ತಗುಲಿದ ಪಿಡುಗು ಕಚೇರಿಯ ಶುಲ್ಕದ ಪುಸ್ತಕವನ್ನು ಮುಟ್ಟದಂತೆ ತಡೆಯುವುದು ಇದರಿಂದ ಸುಲಭವಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕಟ್ಟಡಗಳ ನಡುವಿನ ಕೇಬಲ್ ಒಂದೇ ಇದ್ದು ಅದು ಕಡಿದುಹೋದರೆ ಗ್ರಂಥಾಲಯ ಕತ್ತಲಾಯಿತು. ಹಾಗಾದರೆ ಎರಡನೆಯ ಕೇಬಲನ್ನು ಹಾಕಿಬಿಟ್ಟರೆ ಆಗದೆ? ಸ್ವಿಚ್ಚುಗಳ ನಡುವೆ ಎರಡು ದಾರಿಗಳಾದರೆ ಅದೊಂದು ಸುತ್ತು. ಎಲ್ಲರನ್ನೂ ಕೂಗುವ ಒಂದು ಸಂದೇಶ ಆ ಸುತ್ತನ್ನು ಹೊಕ್ಕರೆ ಅದಕ್ಕೆ ಹೊರಬರುವ ದಾರಿಯಿಲ್ಲ. ಸುತ್ತುತ್ತಲೇ ಹೆಚ್ಚುತ್ತ, ಕ್ಷಣಮಾತ್ರದಲ್ಲಿ ಇಡೀ ಜಾಲವನ್ನು ತುಂಬಿಬಿಡುತ್ತದೆ. ಒಂದೇ ಸ್ವಿಚ್ಚಿನ ಎರಡು ತೂತುಗಳಿಗೆ ಒಂದೇ ಕೇಬಲಿನ ಎರಡು ತುದಿಗಳನ್ನು ಸಿಕ್ಕಿಸಿದರೂ ಇದೇ ಗತಿ. ಇದಕ್ಕೆ ಪರಿಹಾರವನ್ನು ೧೯೮೫ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ ಕಂಡುಹಿಡಿದರು. ಅವರ ‘ಸ್ಪ್ಯಾನಿಂಗ್ ಟ್ರೀ’ ಎಂಬ ನಿಯಮದಂತೆ ಸ್ವಿಚ್ಚುಗಳು ತಮ್ಮತಮ್ಮೊಳಗೆ ಮಾತಾಡಿಕೊಂಡು, ಹೆಚ್ಚಿನ ದಾರಿಯನ್ನು ಮುಚ್ಚಿಟ್ಟು, ಮೊದಲನೆಯದು ಕೆಟ್ಟಾಗ ಮಾತ್ರ ಅದನ್ನು ತೆರೆಯುತ್ತವೆ. ಮರದ ಕೊಂಬೆಗಳು ಕವಲೊಡೆಯುತ್ತವೆಯೇ ಹೊರತು ಮತ್ತೆ ಒಂದನ್ನೊಂದು ಕೂಡುವುದಿಲ್ಲವಷ್ಟೆ. ಆ ಹೆಸರಿನ ಅರ್ಥ ಅದು.

ಆದರೆ ಯಾವ ನಿಯಮಕ್ಕೂ ಒಂದು ಮಿತಿಯುಂಟು. ೨೦೦೨ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಬೋಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಎಂಬ ದೊಡ್ಡ ಆಸ್ಪತ್ರೆಯ ಜಾಲ ಸುಮಾರು ನಾಲ್ಕು ದಿನ ಕೈಕೊಟ್ಟಿತು. ರೋಗಿಗಳ ವಿವರ, ಔಷಧದ ಚೀಟಿ, ರಕ್ತಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಕಾಗದದಲ್ಲಿ ಬರೆದು ಕೈಯಲ್ಲಿ ಹಿಡಿದು ಓಡಬೇಕಾಯಿತು. ಕಾರಣವನ್ನು ಹುಡುಕಿದಾಗ ತಿಳಿದದ್ದೇನೆಂದರೆ, ಅಗತ್ಯ ಬಂದಾಗಲೆಲ್ಲ ಒಂದಕ್ಕೊಂದು ಜೋಡಿಸುತ್ತ ಹೋದ ಜಾಲವು ಸ್ಪ್ಯಾನಿಂಗ್ ಟ್ರೀ ತಾಳಬಲ್ಲ ಮಿತಿಯನ್ನು ಮೀರಿ ಬೆಳೆದಿತ್ತು. ಒಮ್ಮೆಗೇ ಭಾರ ಬಿದ್ದಾಗ ಅದು ತಾಳದೆ ಸುತ್ತಿಗೆ ಸಿಕ್ಕಿಬಿತ್ತು. ಯಾರೂ ಕೆಟ್ಟ ಕೆಲಸ ಮಾಡಿರಲಿಲ್ಲ; ಇಡೀ ಜಾಲವನ್ನು ಒಂದೇ ನಕ್ಷೆಯಾಗಿ ನೋಡುವ ಕೆಲಸ ಮಾತ್ರ ಹಿಂದೆ ಬಿದ್ದಿತ್ತು. ಆದುದರಿಂದ ರಚನೆಯ ಮೊದಲ ಪಾಠ ಇದು: ಜಾಲದ ನಕ್ಷೆಯನ್ನು ಬರೆದಿಡಬೇಕು, ಹೊಸ ಕೇಬಲ್ ಬಂದಾಗಲೆಲ್ಲ ಅದನ್ನು ತಿದ್ದಬೇಕು, ಎಲ್ಲೆಲ್ಲಿ ಒಂದು ಕೆಟ್ಟರೆ ಎಲ್ಲವೂ ಕೆಡುವುದೋ ಆ ಜಾಗವನ್ನು ಗುರುತಿಸಬೇಕು.

೩. ಪರಿಶೀಲನೆ

ಕಟ್ಟಿದ ಜಾಲ ಚೆನ್ನಾಗಿದೆಯೆ ಎಂಬುದನ್ನು ತಿಳಿಯಲು ಮೂರು ಅಳತೆಗಳಿವೆ: ಸಾಮರ್ಥ್ಯ, ವಿಳಂಬ, ನಷ್ಟ.

ಒಂದು ಸೆಕೆಂಡಿಗೆ ಎಷ್ಟು ಬಿಟ್ಟುಗಳು ಹೋಗಬಲ್ಲವು ಎಂಬುದೇ ಸಾಮರ್ಥ್ಯ. ಇಲ್ಲಿ ಒಂದು ಎಚ್ಚರ ಅಗತ್ಯ. ಜಾಲದ ಸಾಮರ್ಥ್ಯವನ್ನು ಬಿಟ್ಟುಗಳಲ್ಲಿಯೂ ಕಡತದ ಗಾತ್ರವನ್ನು ಬೈಟುಗಳಲ್ಲಿಯೂ ಹೇಳುವುದು ವಾಡಿಕೆ. ಒಂದು ಬೈಟಿಗೆ ೮ ಬಿಟ್ಟುಗಳು. ೫೦ ಮೆಗಾಬೈಟಿನ ಒಂದು ಪಾಠದ ಕಡತವೆಂದರೆ ೪೦೦ ಮೆಗಾಬಿಟ್ಟುಗಳು. ಸೆಕೆಂಡಿಗೆ ೧೦೦ ಮೆಗಾಬಿಟ್ ಸಾಮರ್ಥ್ಯದ ಸಂಪರ್ಕದಲ್ಲಿ ಅದು ೪ ಸೆಕೆಂಡುಗಳಲ್ಲಿ ಬರಬೇಕು. ಆದರೆ ನಮ್ಮ ಕಲ್ಪನೆಯ ಗಣಕಶಾಲೆಯ ೪೦ ಮಂದಿಯೂ ಒಟ್ಟಿಗೆ ಅದನ್ನು ತರಿಸಿದರೆ ತಲೆಗೆ ೨.೫ ಮೆಗಾಬಿಟ್ ಮಾತ್ರ ದಕ್ಕಿ, ಅದೇ ಕೆಲಸಕ್ಕೆ ೧೬೦ ಸೆಕೆಂಡುಗಳು ಹಿಡಿಯುತ್ತವೆ. ಜಾಲ ಕೆಟ್ಟಿಲ್ಲ, ಹಂಚಿಕೆಯಾಗಿದೆ, ಅಷ್ಟೆ.

ವಿಳಂಬದ ಮಾತು ಬೇರೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ಕೇಬಲಿನ ದಾರಿ ೨,೦೦೦ ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಲು ೧೦ ಮಿಲಿಸೆಕೆಂಡು, ಹೋಗಿಬರಲು ೨೦. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ಸ್ಥಿರವಾಗಿ ಕಾಣುವ ಉಪಗ್ರಹದ ಮೂಲಕ ಹೋಗಬೇಕಾದರೆ, ರೇಡಿಯೋ ಅಲೆಗಳು ಸೆಕೆಂಡಿಗೆ ೩ ಲಕ್ಷ ಕಿಲೋಮೀಟರ್ ವೇಗದಲ್ಲಿ ಹೋದರೂ, ಏರಿ ಇಳಿಯುವುದಕ್ಕೆ ೨೪೦ ಮಿಲಿಸೆಕೆಂಡು. ಉತ್ತರ ಬರಬೇಕಾದರೆ ಹೆಚ್ಚು ಕಡಿಮೆ ಅರ್ಧ ಸೆಕೆಂಡು. ಸಾಮರ್ಥ್ಯವನ್ನು ಹಣ ಕೊಟ್ಟು ಹೆಚ್ಚಿಸಬಹುದು; ದೂರದಿಂದ ಹುಟ್ಟಿದ ಈ ವಿಳಂಬವನ್ನು ಯಾವ ಹಣವೂ ತಗ್ಗಿಸಲಾರದು.

ದೂರದ ವಿಳಂಬದ ಜೊತೆಗೆ ಸರದಿಯ ವಿಳಂಬವೂ ಸೇರುತ್ತದೆ. ರೌಟರಿನ ಬಾಗಿಲಲ್ಲಿ ಪ್ಯಾಕೆಟ್ಟುಗಳು ಸಾಲು ನಿಲ್ಲುತ್ತವೆ. ಈ ಸಾಲಿನ ಗಣಿತವನ್ನು ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬುವರು ೧೯೦೯ರಲ್ಲಿಯೇ ಆರಂಭಿಸಿದ್ದರು. ಗಣಕಜಾಲಕ್ಕೆ ಅದನ್ನು ಅನ್ವಯಿಸಿದವರಲ್ಲಿ ಮುಖ್ಯರು ಲಿಯೊನಾರ್ಡ್ ಕ್ಲೈನ್‌ರಾಕ್. ೧೯೬೯ರ ಆ ಮೊದಲ ಸಂದೇಶ ಹೊರಟದ್ದು ಅವರ ಪ್ರಯೋಗಾಲಯದಿಂದಲೇ. ಇದರ ಸರಳವಾದ ಸೂತ್ರವೊಂದು ಎಲ್ಲರೂ ತಿಳಿದಿರಬೇಕಾದದ್ದು. ಒಂದು ಕಿಟಕಿಯಲ್ಲಿ ಒಬ್ಬೊಬ್ಬರ ಕೆಲಸಕ್ಕೆ ಸರಾಸರಿ ಒಂದು ನಿಮಿಷ ಬೇಕು. ಜನ ಯಾವ ಲೆಕ್ಕವೂ ಇಲ್ಲದೆ ಬರುತ್ತಾರೆ, ಕೆಲಸದ ಹೊತ್ತೂ ಒಬ್ಬರಿಂದೊಬ್ಬರಿಗೆ ಹಾಗೆಯೇ ಏರುಪೇರು ಎಂದಿಟ್ಟುಕೊಳ್ಳೋಣ. ಕಿಟಕಿಯ ಶಕ್ತಿಯ ಅರ್ಧದಷ್ಟು ಜನ ಬಂದರೆ ಒಬ್ಬರು ಅಲ್ಲಿ ಕಳೆಯುವ ಕಾಲ ಸರಾಸರಿ ೨ ನಿಮಿಷ. ನೂರಕ್ಕೆ ೯೦ರಷ್ಟು ಬಂದರೆ ೧೦ ನಿಮಿಷ. ನೂರಕ್ಕೆ ೯೯ರಷ್ಟು ಬಂದರೆ ೧೦೦ ನಿಮಿಷ! ೯೦ರಿಂದ ೯೯ಕ್ಕೆ ಏರಿದ್ದು ಹತ್ತನೆಯ ಒಂದು ಪಾಲು, ಕಾಯುವಿಕೆ ಏರಿದ್ದು ಹತ್ತು ಪಟ್ಟು. ಅರ್ಜಿಯ ಕೊನೆಯ ದಿನಾಂಕದಂದು ಜಾಲತಾಣವೇಕೆ ಹಠಾತ್ತನೆ ಕಲ್ಲಾಗುತ್ತದೆಂಬ ಪ್ರಶ್ನೆಗೆ ಬಹಳ ಮಟ್ಟಿಗೆ ಉತ್ತರ ಈ ಸೂತ್ರದಲ್ಲಿದೆ. ಅದು ಮೆಲ್ಲಮೆಲ್ಲನೆ ದಣಿಯುವುದಿಲ್ಲ. ಅಂಚಿಗೆ ಬರುವವರೆಗೂ ಚೆನ್ನಾಗಿದ್ದು ಅಂಚಿನಲ್ಲಿ ಕುಸಿಯುತ್ತದೆ.

ಸಾಲು ತೀರ ಉದ್ದವಾಗಿ ರೌಟರಿನಲ್ಲಿ ಜಾಗ ಸಾಲದಾದರೆ ಬಂದ ಪ್ಯಾಕೆಟ್ಟನ್ನು ಅದು ಬಿಸಾಡುತ್ತದೆ. ಇದೇ ನಷ್ಟ. ಸಾಗಣೆಯ ಪದರ ಅದನ್ನು ಮತ್ತೆ ಕಳುಹಿಸುತ್ತದೆಂದು ಮೇಲೆ ಹೇಳಿದೆಯಷ್ಟೆ. ಈ ಒಳ್ಳೆಯ ಗುಣವೇ ಒಮ್ಮೆ ಕೇಡಾಯಿತು. ೧೯೮೬ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿಂದ ೪೦೦ ಗಜ ದೂರದ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೂ ನಡುವಿನ ಸಂಚಾರ ಸೆಕೆಂಡಿಗೆ ೩೨,೦೦೦ ಬಿಟ್ಟುಗಳಿಂದ ೪೦ ಬಿಟ್ಟುಗಳಿಗೆ ಇಳಿದುಹೋಯಿತು. ಎಂಟುನೂರರಲ್ಲಿ ಒಂದು ಪಾಲು! ಕೇಬಲ್ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಪ್ಯಾಕೆಟ್ಟು ಕಳೆದಾಗ ಎಲ್ಲ ಯಂತ್ರಗಳೂ ಅವಸರದಿಂದ ಮತ್ತೆ ಮತ್ತೆ ಕಳುಹಿಸಿದ್ದರಿಂದ ಇಕ್ಕಟ್ಟು ಇನ್ನೂ ಹೆಚ್ಚಿತ್ತು. ಜಾತ್ರೆಯ ಬಾಗಿಲಲ್ಲಿ ಎಲ್ಲರೂ ತಳ್ಳಿದರೆ ಒಬ್ಬರೂ ಒಳಹೋಗಲಾರದ ಹಾಗೆ. ವ್ಯಾನ್ ಜೇಕಬ್‌ಸನ್ ಇದನ್ನು ಅಳೆದು ನೋಡಿ, ಮೈಕೆಲ್ ಕಾರಲ್ಸ್ ಅವರೊಡನೆ ಪರಿಹಾರವನ್ನು ಕಂಡುಹಿಡಿದು, ೧೯೮೮ರಲ್ಲಿ ಪ್ರಕಟಿಸಿದರು. ಆರಂಭದಲ್ಲಿ ಸ್ವಲ್ಪವೇ ಕಳುಹಿಸಿ, ರಸೀದಿ ಬಂದಂತೆ ಹೆಚ್ಚಿಸಿ, ನಷ್ಟ ಕಂಡೊಡನೆ ತಗ್ಗಿಸಬೇಕೆಂಬುದು ಅದರ ಸಾರ. ಆ ತತ್ತ್ವವೇ ಪರಿಷ್ಕಾರಗೊಳ್ಳುತ್ತ ಇಂದಿಗೂ ಅಂತರ್ಜಾಲವನ್ನು ಕಾಯುತ್ತಿದೆ. ದೊಡ್ಡ ಅಧಿಕಾರಿಯ ಆಜ್ಞೆಯಿಲ್ಲದೆ, ಪ್ರತಿಯೊಂದು ಯಂತ್ರವೂ ತಾನಾಗಿ ಹಿಂದೆ ಸರಿಯುವುದರಿಂದ ಎಲ್ಲರಿಗೂ ದಾರಿ ದೊರೆಯುತ್ತಿದೆ. ಅರ್ಥಶಾಸ್ತ್ರವನ್ನೂ ರಾಜ್ಯಶಾಸ್ತ್ರವನ್ನೂ ಓದುವ ನಮಗೆ ಇದು ಆಲೋಚನೆಗೆ ತಕ್ಕ ವಿಷಯ.

೪. ದೋಷನಿದಾನ

ವೈದ್ಯರು ಮದ್ದು ಕೊಡುವ ಮೊದಲು ನಾಡಿ ನೋಡುತ್ತಾರೆ. ಜಾಲದ ದೋಷಕ್ಕೂ ಹಾಗೆಯೇ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಯಾರು ಯಾರಿಗೆ ತೊಂದರೆಯಾಗಿದೆ, ಒಬ್ಬರಿಗೋ ಎಲ್ಲರಿಗೋ? ಯಾವಾಗಿನಿಂದ? ಅದಕ್ಕೆ ಸ್ವಲ್ಪ ಮೊದಲು ಏನನ್ನು ಬದಲಾಯಿಸಲಾಯಿತು? ಒಂದು ಯಂತ್ರಕ್ಕೆ ಮಾತ್ರ ತೊಂದರೆಯಿದ್ದು ಪಕ್ಕದ್ದು ಚೆನ್ನಾಗಿದ್ದರೆ, ಕಾರಣವನ್ನು ದೂರದ ಸರ್ವರಿನಲ್ಲಿ ಹುಡುಕುವುದು ವ್ಯರ್ಥ.

ಅನಂತರ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಪರೀಕ್ಷಿಸಬೇಕು.

ಮೊದಲ ಮೆಟ್ಟಿಲು: ಕೇಬಲ್ ಸಿಕ್ಕಿಸಿದ ಕಡೆ ಚಿಕ್ಕ ದೀಪ ಉರಿಯುತ್ತಿದೆಯೆ? ವೈಫೈ ಆದರೆ ಸಂಕೇತ ಬರುತ್ತಿದೆಯೆ? ಇಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಎರಡನೆಯ ಮೆಟ್ಟಿಲು: ಯಂತ್ರಕ್ಕೆ ವಿಳಾಸ ದೊರೆತಿದೆಯೆ? ವಿಳಾಸವು ೧೬೯.೨೫೪ ಎಂದು ಆರಂಭವಾಗಿದ್ದರೆ, ವಿಳಾಸ ಹಂಚುವ ವ್ಯವಸ್ಥೆಯಿಂದ ಉತ್ತರ ಬಾರದೆ ಯಂತ್ರವು ತಾನೇ ಒಂದನ್ನು ಇಟ್ಟುಕೊಂಡಿದೆಯೆಂದು ತಿಳಿಯಬೇಕು.

ಮೂರನೆಯ ಮೆಟ್ಟಿಲು: ಹತ್ತಿರದ ರೌಟರ್ ಉತ್ತರಿಸುತ್ತದೆಯೆ? ಇದನ್ನು ನೋಡಲು ‘ಪಿಂಗ್’ ಎಂಬ ಸಾಧನವಿದೆ. ಬಾವಿಗೆ ಕಲ್ಲು ಹಾಕಿ ಸದ್ದನ್ನು ಆಲಿಸಿ ನೀರಿನ ಆಳವನ್ನು ಊಹಿಸುವಂತೆ, ಇದು ಒಂದು ಚಿಕ್ಕ ಪ್ಯಾಕೆಟ್ಟನ್ನು ಕಳುಹಿಸಿ ಉತ್ತರ ಬರಲು ಹಿಡಿದ ಕಾಲವನ್ನು ಹೇಳುತ್ತದೆ. ೧೯೮೩ರಲ್ಲಿ ಇದನ್ನು ಬರೆದವರು ಅಮೆರಿಕದ ಮೈಕ್ ಮೂಸ್. ಜಲಾಂತರ್ಗಾಮಿಗಳನ್ನು ಶಬ್ದದಿಂದ ಪತ್ತೆಮಾಡುವ ಯಂತ್ರದ ಸದ್ದೇ ಇದಕ್ಕೆ ಹೆಸರಾಯಿತು.

ನಾಲ್ಕನೆಯ ಮೆಟ್ಟಿಲು: ಹೊರಗಿನ ಯಾವುದಾದರೂ ಅಂಕಿಯ ವಿಳಾಸ, ಉದಾಹರಣೆಗೆ ಗೂಗಲ್ ಸಂಸ್ಥೆಯ ೮.೮.೮.೮, ಉತ್ತರಿಸುತ್ತದೆಯೆ? ಇಲ್ಲದಿದ್ದರೆ ದಾರಿ ಎಲ್ಲಿ ಕಡಿದಿದೆಯೆಂದು ‘ಟ್ರೇಸ್‌ರೂಟ್’ ತೋರಿಸುತ್ತದೆ. ಇದರ ಯುಕ್ತಿ ಚಮತ್ಕಾರದ್ದು. ಪ್ರತಿಯೊಂದು ಪ್ಯಾಕೆಟ್ಟಿನ ಮೇಲೂ ಒಂದು ಅಂಕಿಯಿದ್ದು, ದಾಟಿದ ಪ್ರತಿ ರೌಟರೂ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದೊಡನೆ ಆ ರೌಟರ್ ಪ್ಯಾಕೆಟ್ಟನ್ನು ಬಿಸಾಡಿ, ಕಳುಹಿಸಿದವರಿಗೆ ತಿಳಿಸುತ್ತದೆ. ಬೇಕೆಂದೇ ೧, ೨, ೩ ಎಂಬ ಅಂಕಿಗಳನ್ನು ಹಾಕಿ ಕಳುಹಿಸಿದರೆ ದಾರಿಯ ರೌಟರುಗಳು ಒಂದಾದಮೇಲೊಂದರಂತೆ ತಮ್ಮ ಗುರುತನ್ನು ತಾವೇ ಹೇಳಿಕೊಳ್ಳುತ್ತವೆ.

ಐದನೆಯ ಮೆಟ್ಟಿಲು: ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದೋಷ ಡಿ.ಎನ್.ಎಸ್.ನಲ್ಲಿದೆ. ಹೆಸರೂ ಸರಿಯಾಗಿದ್ದು ಪುಟ ಮಾತ್ರ ತೆರೆಯದಿದ್ದರೆ, ಆಗ ಮಾತ್ರ “ಸರ್ವರ್” ಎಂಬ ಮಾತನ್ನು ಆಡಲು ನಮಗೆ ಅಧಿಕಾರ ಬಂತು.

ಈ ಮೆಟ್ಟಿಲುಗಳನ್ನು ಹತ್ತುವಾಗ ಮೂರು ಕಟ್ಟಳೆಗಳನ್ನು ಪಾಲಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು; ನಾಲ್ಕನ್ನು ಒಟ್ಟಿಗೆ ಬದಲಾಯಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು, ನಾಳೆ ಅದೇ ದೋಷ ಮರಳುತ್ತದೆ. ಮಾಡಿದ್ದನ್ನು ಬರೆದಿಡಬೇಕು. ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು. ಪಿಂಗಿಗೆ ಉತ್ತರಿಸದಂತೆ ಏರ್ಪಡಿಸಿದ ಯಂತ್ರಗಳೂ ಉಂಟಾದುದರಿಂದ, ಮೌನವೆಲ್ಲವೂ ಮರಣವಲ್ಲ.

ಪದರದ ವಿಚಾರ ಎಷ್ಟು ಮುಖ್ಯವೆಂಬುದಕ್ಕೆ ೨೦೨೧ರ ಅಕ್ಟೋಬರ್ ೪ರ ಘಟನೆ ಸಾಕ್ಷಿ. ಅಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ನಿಂತುವು. ಹೊರಗಿನಿಂದ ನೋಡಿದವರಿಗೆ ಕಂಡದ್ದು ಡಿ.ಎನ್.ಎಸ್. ದೋಷ: ಹೆಸರಿಗೆ ವಿಳಾಸವೇ ಸಿಕ್ಕುತ್ತಿರಲಿಲ್ಲ. ಆದರೆ ಕಂಪನಿಯೇ ಅನಂತರ ತಿಳಿಸಿದಂತೆ, ಮೂಲದೋಷ ಇದ್ದದ್ದು ಕೆಳಗೆ. ದಿನನಿತ್ಯದ ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಅದರ ದತ್ತಾಂಶ ಕೇಂದ್ರಗಳನ್ನು ಕೂಡಿಸುವ ಬೆನ್ನೆಲುಬಿನ ಜಾಲವನ್ನೇ ಕಡಿದಿತ್ತು. ಅಂಥ ಆಜ್ಞೆಯನ್ನು ತಡೆಯಬೇಕಾಗಿದ್ದ ಕಾವಲಿನಲ್ಲಿಯೂ ದೋಷವಿತ್ತು. ಕೇಂದ್ರಗಳೊಡನೆ ಸಂಪರ್ಕ ತಪ್ಪಿದ ಡಿ.ಎನ್.ಎಸ್. ಯಂತ್ರಗಳು, ತಮ್ಮಲ್ಲಿಗೆ ದಾರಿಯಿದೆಯೆಂದು ಹೊರಗಿನ ರೌಟರುಗಳಿಗೆ ಸಾರುವುದನ್ನು ತಾವಾಗಿ ನಿಲ್ಲಿಸಿದುವು. ಆ ಯಂತ್ರಗಳು ಬದುಕಿದ್ದುವು, ದಾರಿ ಮಾತ್ರ ಅಳಿಸಿಹೋಗಿತ್ತು. ರಿಪೇರಿಯ ಸಾಧನಗಳೂ ಅದೇ ಜಾಲವನ್ನು ನೆಚ್ಚಿದ್ದರಿಂದ ಇಂಜಿನಿಯರುಗಳು ಕೇಂದ್ರಗಳಿಗೆ ಖುದ್ದಾಗಿ ಹೋಗಬೇಕಾಯಿತು. ಬಿಗಿ ಕಾವಲಿನ ಆ ಕೇಂದ್ರಗಳನ್ನು ಹೊಗುವುದಕ್ಕೂ ಹೊತ್ತು ಹಿಡಿಯಿತು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತಾಯಿತು. ಜಾಲ ನಿಂತಾಗ ಅದನ್ನು ತಲುಪಲು ಜಾಲದ ಹೊರಗೊಂದು ದಾರಿ ಇರಬೇಕೆಂಬುದು ಇದರಿಂದ ಬರುವ ನೀತಿ.

೫. ಉಪಸಂಹಾರ

ಇಷ್ಟನ್ನೆಲ್ಲ ಕಲಾ ವಿದ್ಯಾರ್ಥಿಗಳೇಕೆ ತಿಳಿಯಬೇಕು ಎಂದು ಕೆಲವರು ಕೇಳಬಹುದು. ರೌಟರುಗಳನ್ನು ರಿಪೇರಿ ಮಾಡುವುದಕ್ಕಲ್ಲ. ಸರಿಯಾದ ಪ್ರಶ್ನೆಯನ್ನು ಕೇಳುವುದಕ್ಕೆ.

ಪಡಿತರ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳಿಟ್ಟ ಮುದುಕಿಗೆ “ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ” ಎಂಬ ಉತ್ತರ ದೊರೆಯಿತೆಂದು ಭಾವಿಸಿ. ಈ ಒಂದು ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿರಬಹುದು. ಊರಿಗೆ ಮೊಬೈಲ್ ಸಂಕೇತವೇ ಸಾಲದಿರಬಹುದು. ಅದು ಮೊದಲ ಪದರದ ದೋಷ, ಅದಕ್ಕೆ ಪರಿಹಾರ ಇನ್ನೊಂದು ಕಂಪನಿಯ ಸಿಮ್ಮೋ ಎತ್ತರದ ಆಂಟೆನಾವೋ. ತಿಂಗಳ ಕೊನೆಯಲ್ಲಿ ಎಲ್ಲ ಕಡೆಯಿಂದಲೂ ಒಮ್ಮೆಗೇ ಬೇಡಿಕೆ ಬಂದು ಸರ್ವರ್ ಬಳಲಿರಬಹುದು. ಅದು ಸಾಲಿನ ದೋಷ, ಅದಕ್ಕೆ ಪರಿಹಾರ ದಿನಗಳ ಹಂಚಿಕೆ. ದುಡಿದು ದುಡಿದು ಬೆರಳಿನ ಗೆರೆ ಸವೆದು ಯಂತ್ರಕ್ಕೆ ಗುರುತು ಸಿಕ್ಕದಿರಬಹುದು. ಅದು ಜಾಲದ ದೋಷವೇ ಅಲ್ಲ, ಅದಕ್ಕೆ ಬೆರಳನ್ನು ಬಿಟ್ಟು ಬೇರೊಂದು ಬಗೆಯಿಂದ ಗುರುತು ಹಿಡಿಯಬೇಕು. ನಾಳೆ ಬಂದರೂ ನಾಡಿದ್ದು ಬಂದರೂ ಆ ಬೆರಳಿನ ಗೆರೆ ಮರಳಿ ಮೂಡುವುದಿಲ್ಲ. ಮೂರಕ್ಕೂ ಒಂದೇ ಹೆಸರಿಟ್ಟರೆ ಮೂರರಲ್ಲಿ ಒಂದಕ್ಕೂ ಪರಿಹಾರ ದೊರೆಯದು. ಆಕೆಯ ಒಂದು ದಿನದ ಕೂಲಿ ಮಾತ್ರ ಪ್ರತಿ ಸಲವೂ ಹೋಗುತ್ತದೆ.

ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. “ನೀನು ಕಾಲೇಜಿಗೆ ಹೋಗ್ತೀಯಲ್ಲ, ಇದೇನಾಗಿದೆ ನೋಡು” ಎಂದು ಕೇರಿಯವರು ಫೋನನ್ನೋ ಚೀಟಿಯನ್ನೋ ನಮ್ಮ ಕೈಗೆ ಕೊಡುತ್ತಾರೆ. ಆಗ ನಾವೂ “ಸರ್ವರ್ ಡೌನ್” ಎಂದುಬಿಟ್ಟರೆ ಓದಿದ್ದಕ್ಕೆ ಏನು ಸಾರ್ಥಕವಾಯಿತು? ಒಬ್ಬರಿಗೋ ಎಲ್ಲರಿಗೋ, ಯಾವಾಗಿನಿಂದ, ಎಲ್ಲಿಯವರೆಗೆ ಸರಿಯಿದೆ, ಯಂತ್ರದಲ್ಲಿ ಮೂಡಿದ ಅಕ್ಷರಗಳೇನು ಎಂದು ಕೇಳಿ, ಕಂಡದ್ದನ್ನು ದಿನಾಂಕದೊಡನೆ ಬರೆದುಕೊಟ್ಟರೆ ಆ ದೂರಿಗೆ ಬೇರೆಯೇ ತೂಕ ಬರುತ್ತದೆ. ಸ್ಥಳವನ್ನು ಹೆಸರಿಸಿದ ದೂರನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ದೊಡ್ಡ ಜಾಲಗಳನ್ನು ಕಟ್ಟಿದವರು ಯಾವ ಭಾಗವೂ ಎಂದೂ ಕೆಡುವುದಿಲ್ಲವೆಂದು ನಂಬಿ ಕಟ್ಟಲಿಲ್ಲ. ಪ್ಯಾಕೆಟ್ಟು ಕಳೆಯುತ್ತದೆ, ಕೇಬಲ್ ಕಡಿಯುತ್ತದೆ, ಸಾಲು ಬೆಳೆಯುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಕೆಟ್ಟದ್ದನ್ನು ಕಂಡುಹಿಡಿಯುವ ಕ್ರಮವನ್ನೂ ಜೊತೆಯಲ್ಲಿಯೇ ಕಟ್ಟಿದರು. ಆ ಕ್ರಮವನ್ನು ಕಲಿಯುವುದು ಇಂಜಿನಿಯರುಗಳಿಗೆ ಮಾತ್ರ ಮೀಸಲಾದ ವಿದ್ಯೆಯಾಗದೆ, ಜಾಲದ ಹೊರಗೆ ಸಾಲಿನಲ್ಲಿ ನಿಂತ ನಮ್ಮ ಜನರಿಗೂ ಒದಗುವ ವಿದ್ಯೆಯಾಗಲಿ.